ಡಿಡಬ್ಲ್ಯೂ ದೇವರು, ಪ್ಯಾಡು ದೆವ್ವ

ಬೆಂಗಳೂರಿನಲ್ಲಿ ನಾಲ್ಕು ಜನ ಡ್ರಮ್ಮರ್‌ಗಳು ಒಂದು ಕಡೆ ಸೇರಿದರೆ ಮೊದಲ ಹತ್ತು ನಿಮಿಷ ಟ್ರಾಫಿಕ್ ಬಗ್ಗೆ ಮಾತು, ಉಳಿದಿದ್ದೆಲ್ಲ ಡಿಡಬ್ಲ್ಯೂ ಬಗ್ಗೆ. ಡ್ರಮ್ಸ್ ಸಹವಾಸ ಇಲ್ಲದವರಿಗೆ ಹೇಳಿಬಿಡ್ತೀನಿ: ಡಿಡಬ್ಲ್ಯೂ ಅಂದ್ರೆ ಡ್ರಮ್ ವರ್ಕ್‌ಶಾಪ್, ಅಮೆರಿಕದ ಕ್ಯಾಲಿಫೋರ್ನಿಯಾದ ಕಂಪನಿ. ಬೈಕಿನ ಹುಚ್ಚಿರೋರಿಗೆ ಡುಕಾಟಿ ಹೇಗೋ ನಮಗೆ ಇದು ಹಾಗೆ. ಅದರ ಮೇಲ್ದರ್ಜೆಯ ಸೆಟ್ ಒಂದನ್ನು ಕಸ್ಟಮ್ಸು, ಟ್ಯಾಕ್ಸು ಎಲ್ಲ ಕಟ್ಟಿ ಇಲ್ಲಿಗೆ ತರಿಸಿಕೊಳ್ಳೋ ಹೊತ್ತಿಗೆ ಲಕ್ಷಗಳು ಕೈಬಿಟ್ಟಿರುತ್ತವೆ. ಸಿಂಬಲ್ಸ್‌ಗೆ ಬೇರೆ ದುಡ್ಡು.

ಈ ಜಗಳದಲ್ಲಿ ಎರಡು ಪಂಗಡ. ಒಂದು ಭಕ್ತರದ್ದು. "ಮಗಾ, ಟಾಮ್ ಮೇಲೆ ಒಂದೇ ಏಟು ಹಾಕು, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಹಾಗೇ ಕೇಳುತ್ತೆ" ಅನ್ನೋರು. ಕಂಪನಿಯ ಜಾನ್ ಗುಡ್ ಒಂದೊಂದು ಮರದ ಶೆಲ್ಲನ್ನೂ ಕೈಯಿಂದ ತಟ್ಟಿ, ಅದರ ನಾದ ಕೇಳಿ, ಒಂದಕ್ಕೊಂದು ಹೊಂದುವ ಶೆಲ್ಲುಗಳನ್ನೇ ಒಂದು ಸೆಟ್ಟಿಗೆ ಆರಿಸ್ತಾರೆ, ಯಾವ ಸ್ವರ ಅಂತ ಒಳಗೆ ಮುದ್ರೆ ಕೂಡ ಒತ್ತುತ್ತಾರೆ ಅನ್ನೋದು ಇವರ ಸ್ಥಳಪುರಾಣ. ಪುರಾಣ ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ, ನಿಜವಾಗಿ ಹಾಗೇ ಮಾಡ್ತಾರೆ.

ಇನ್ನೊಂದು ಪಂಗಡ ನಾಸ್ತಿಕರದ್ದು. ಇವರ ಪ್ರಕಾರ ಅದು ಸೋಪು ಹಾಕಿ ತೊಳೆದ ಸೌಂಡು, ಜೀವ ಇಲ್ಲ. ಮರ ತಟ್ಟೋದೆಲ್ಲ ಮಾರ್ಕೆಟಿಂಗು. ವರ್ಷಗಟ್ಟಲೆ ಇವರ ಶೆಲ್ಲುಗಳು ಬಂದಿದ್ದು ಕೆಲರ್ ಅನ್ನೋ ಪ್ಲೈವುಡ್ ಕಂಪನಿಯಿಂದ, ಅದೇ ಕೆಲರ್ ಇನ್ನೂ ಹಲವು ಬ್ರ್ಯಾಂಡ್‌ಗಳಿಗೂ ಶೆಲ್ ಮಾಡಿಕೊಡ್ತಿತ್ತು, ಡಿಡಬ್ಲ್ಯೂ ತನ್ನದೇ ಶೆಲ್ ಮಾಡಿಕೊಳ್ಳೋಕೆ ಶುರು ಮಾಡಿದ್ದು ಆಮೇಲೆ ಅಂತ ಚರಿತ್ರೆ ಬಿಚ್ಚುತ್ತಾರೆ. ಆ ದುಡ್ಡಲ್ಲಿ ಯಮಹಾ ರೆಕಾರ್ಡಿಂಗ್ ಕಸ್ಟಮ್ ತಗೊಂಡು ಮಿಕ್ಕಿದ್ದರಲ್ಲಿ ಗೋವಾಕ್ಕೆ ಹೋಗಿ ಬರಬಹುದು ಅನ್ನೋದು ಇವರ ಅಂತಿಮ ವಾದ.

ಸಹಕಾರನಗರದ ದರ್ಶಿನಿಯಲ್ಲಿ, ಆರ್.ಟಿ. ನಗರದ ಜ್ಯಾಮ್ ರೂಮಿನ ಮೆಟ್ಟಿಲ ಮೇಲೆ, ಹೆಬ್ಬಾಳ ಫ್ಲೈಓವರ್ ಮೇಲೆ ಕದಲದೆ ನಿಂತ ಕ್ಯಾಬಿನೊಳಗೆ, ಹೀಗೆ ಹನ್ನೊಂದು ವರ್ಷದಿಂದ ಈ ಜಗಳಕ್ಕೆ ಕಿವಿ ಕೊಟ್ಟಿದ್ದೀನಿ. ವಾರವೆಲ್ಲ ಲ್ಯಾಪ್‌ಟಾಪ್ ಕುಟ್ಟಿ ಶನಿವಾರ ಡ್ರಮ್ಸ್ ಕುಟ್ಟೋ ಜಾತಿ ನಂದು. ಈಗ ನನ್ನದೊಂದು ತಕರಾರು ಇದೆ. ಭಕ್ತರಿಗೂ ನಾಸ್ತಿಕರಿಗೂ ಒಂದೇ ಪ್ರಶ್ನೆ: ಸ್ವಾಮಿ, ನೀವು ಡಿಡಬ್ಲ್ಯೂ ಕೇಳಿರೋದು ಎಲ್ಲಿ?

ಪ್ರಾಮಾಣಿಕವಾಗಿ ಹೇಳಿ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಕೇಳಿರೋದು ಯೂಟ್ಯೂಬಲ್ಲಿ, ಇಯರ್‌ಫೋನ್ ಹಾಕಿಕೊಂಡು. ಅಂದ್ರೆ ಹತ್ತಾರು ಮೈಕು, ಒಬ್ಬ ಒಳ್ಳೆ ಎಂಜಿನಿಯರು, ಅವನ ಈಕ್ಯೂ, ಕಂಪ್ರೆಷನ್ನು, ಆ ರೂಮಿನ ಗೋಡೆ, ಇವನ್ನೆಲ್ಲ ಕೇಳಿ ಅದಕ್ಕೆ ಡಿಡಬ್ಲ್ಯೂ ಅಂತ ಹೆಸರಿಟ್ಟಿದ್ದೀವಿ. ನೀಲ್ ಪಿಯರ್ಟ್ ಭಕ್ತನೊಬ್ಬ ನನ್ನ ಹತ್ರ ಒಂದು ಸಂಜೆ ಪೂರ್ತಿ ವಾದ ಮಾಡಿದ, ರಷ್ ಬ್ಯಾಂಡಿನ 'ಟಾಮ್ ಸಾಯರ್' ಕೇಳಿದ ಮೇಲೆ ಬೇರೆ ಯಾವ ಡ್ರಮ್ಮೂ ಕಿವಿಗೆ ಹತ್ತಲ್ಲ, ಅದೇ ಡಿಡಬ್ಲ್ಯೂ ತಾಕತ್ತು ಅಂತ. ಆ ಹಾಡು ಬಂದಿದ್ದು 1981ರಲ್ಲಿ. ಆಗ ಪಿಯರ್ಟ್ ಕೂತಿದ್ದು ಟಾಮಾ ಕಿಟ್ ಹಿಂದೆ. ಅದಕ್ಕೂ ಮೊದಲು ಸ್ಲಿಂಗರ್‌ಲ್ಯಾಂಡ್, ಆಮೇಲೆ ಲುಡ್ವಿಗ್, ಡಿಡಬ್ಲ್ಯೂಗೆ ಬಂದಿದ್ದು ತೊಂಬತ್ತರ ದಶಕದ ನಡುವೆ. ನಾಲ್ಕು ಬ್ರ್ಯಾಂಡ್ ಬದಲಾದರೂ ಎರಡು ಬಾರ್ ಕೇಳಿದರೆ ಪಿಯರ್ಟ್ ಅಂತ ಗೊತ್ತಾಗುತ್ತೆ. ಇದನ್ನ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಡಿಡಬ್ಲ್ಯೂ ಡಿಡಬ್ಲ್ಯೂನೇ" ಅಂದ.

ಇನ್ನು ನಿರ್ವಾಣ ಬ್ಯಾಂಡಿನ 1991ರ 'ನೆವರ್‌ಮೈಂಡ್' ಆಲ್ಬಮ್. ನಮ್ಮ ವಯಸ್ಸಿನವರು ಡ್ರಮ್ಸ್ ಕಲಿಯೋಕೆ ಹೋಗಿದ್ದೇ ಆ ಸ್ನೇರ್ ಏಟಿಗೆ. ಡೇವ್ ಗ್ರೋಲ್ ಹೊಡೆದ ಆ ಸ್ನೇರು ಅವನದಲ್ಲ, ಲಾಸ್ ಏಂಜಲೀಸಿನ ಡ್ರಮ್ ಬಾಡಿಗೆ ಕೊಡೋರ ಹತ್ರ ತಂದ ಟಾಮಾ ಹಿತ್ತಾಳೆ ಸ್ನೇರು. ಬಾಡಿಗೆ ಮಾಲು!

ಶೆಲ್ಲಿನ ಮರ ಏನೂ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಮಾಡುತ್ತೆ. ಆದರೆ ಡ್ರಮ್ಮಿನಲ್ಲಿ ಮೊದಲು ಮಾತಾಡೋದು ಮೇಲಿರೋ ಹೆಡ್ಡು, ಆಮೇಲೆ ಅದನ್ನ ಎಷ್ಟು ಬಿಗಿ ಮಾಡಿದ್ದೀರಿ ಅನ್ನೋದು, ಆಮೇಲೆ ರೂಮು, ಆಮೇಲೆ ಕೈ. ಮರದ ಸರದಿ ಬರೋದು ಇವೆಲ್ಲ ಆದ ಮೇಲೆ. ಉತ್ತರ ಬೆಂಗಳೂರಿನ ಜ್ಯಾಮ್ ರೂಮುಗಳ ಹೆಡ್ಡುಗಳನ್ನ ಒಮ್ಮೆ ನೋಡಿ. ನಾನು ಯಲಹಂಕ ನ್ಯೂ ಟೌನ್ ಕಡೆ ಹೋಗೋ ಒಂದು ರೂಮಿದೆ, ಹೆಸರು ಬೇಡ. ಅಲ್ಲಿನ ಸ್ನೇರ್ ಹೆಡ್ಡು ನಡುವೆ ಹಳ್ಳ ಬಿದ್ದು ತಟ್ಟೆ ಇಡ್ಲಿ ಪಾತ್ರೆ ಥರ ಆಗಿದೆ. ಫ್ಲೋರ್ ಟಾಮ್ ಮೇಲೆ ಮೂರು ಪಟ್ಟಿ ಸೆಲ್ಲೋಟೇಪು, ಅದರ ಮೇಲೊಂದು ಮಡಚಿದ ಕರ್ಚೀಫು. ಡ್ರಮ್ ಕೀ ಕೇಳಿದರೆ "ಇತ್ತು ಸರ್, ಯಾರೋ ತಗೊಂಡೋದ್ರು" ಅಂತಾರೆ. ಆ ಕಿಟ್ಟಿನ ಮೇಲೆ ಪ್ರತಿ ಶನಿವಾರ ಬಾರಿಸಿ ಹೊರಗೆ ಬಂದು, ಮೇಪಲ್ ಮೇಲೋ ಬರ್ಚ್ ಮೇಲೋ ಅಂತ ಒಂದು ಗಂಟೆ ವಾದ ಮಾಡ್ತೀವಲ್ಲ, ನಮಗೆ ನಾಚಿಕೆ ಆಗಬೇಡವೇ? ಒಳ್ಳೆ ರೆಮೋ ಹೆಡ್ಡುಗಳನ್ನ ಪೂರ್ತಿ ಸೆಟ್ಟಿಗೆ ಹಾಕಿಸಿದರೂ ಬ್ಯಾಂಡಿನ ನಾಲ್ಕು ಜನ ಒಂದು ರಾತ್ರಿ ಇಂದಿರಾನಗರದಲ್ಲಿ ಕೊಡೋ ಬಿಲ್ಲಿಗಿಂತ ಜಾಸ್ತಿ ಏನೂ ಆಗಲ್ಲ.

ಶ್ರುತಿ ಮಾಡೋದು ನಮಗೇನು ಹೊಸ ವಿದ್ಯೆಯಲ್ಲ. ಮೃದಂಗದವರು ವೇದಿಕೆ ಮೇಲೆ, ಜನ ಕಾಯ್ತಿರೋವಾಗಲೇ, ಕಲ್ಲು ಹಿಡಿದು ಸುತ್ತಲೂ ತಟ್ಟಿ ತಟ್ಟಿ ಶ್ರುತಿಗೆ ತರ್ತಾರೆ. ಹೆಬ್ಬಾಳದಿಂದ ಏರ್‌ಪೋರ್ಟ್ ರಸ್ತೆ ಹಿಡಿದು ಹಾಗೇ ಮುಂದೆ ಹೋದರೆ ಚಿಕ್ಕಬಳ್ಳಾಪುರ. ಆ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ಬಾರಿಸಿದ್ದಕ್ಕೆ. ತಮಟೆಯವರು ಬಾರಿಸೋಕೆ ಮುಂಚೆ ಹುಲ್ಲೋ ಸೌದೆಯೋ ಹಾಕಿ ಬೆಂಕಿ ಮಾಡಿ ಚರ್ಮ ಕಾಯಿಸ್ತಾರೆ, ತಟ್ಟಿ ನೋಡ್ತಾರೆ, ಸಾಲದು ಅಂದ್ರೆ ಮತ್ತೆ ಕಾಯಿಸ್ತಾರೆ. ಚರ್ಮ ಬಿಗಿಯಾಗದೆ ಮೊದಲ ಏಟೇ ಹಾಕಲ್ಲ. ನಾವು ಮಾತ್ರ ಕರ್ಚೀಫು ಹಾಕ್ತೀವಿ.

ಡಿಡಬ್ಲ್ಯೂನವರ ಒಂದು ವಿಷಯಕ್ಕೆ ನಾನು ಕೈಮುಗೀತೀನಿ, ಅದು ಕಬ್ಬಿಣದ ಕೆಲಸ. ಪೆಡಲು, ಸ್ಟ್ಯಾಂಡು, ನಟ್ಟು ಬೋಲ್ಟು. 1972ರಲ್ಲಿ ಡಾನ್ ಲೊಂಬಾರ್ಡಿ ಶುರು ಮಾಡಿದಾಗ ಅದು ಡ್ರಮ್ಸ್ ಹೇಳಿಕೊಡೋ ಜಾಗ, ಜಾನ್ ಗುಡ್ ಅಲ್ಲಿಗೆ ಕಲಿಯೋಕೆ ಬಂದ ಹುಡುಗ. ಎಪ್ಪತ್ತರ ದಶಕದ ಕೊನೆಗೆ ಕ್ಯಾಮ್ಕೋ ಅನ್ನೋ ಹಳೇ ಕಂಪನಿಯ ಯಂತ್ರಗಳನ್ನ ಇವರು ಕೊಂಡರು, ಆ 5000 ಪೆಡಲಿನ ಬೇರು ಇರೋದು ಅಲ್ಲಿ. ಕ್ಯಾಮ್ಕೋ ಹೆಸರು ಹೋಗಿದ್ದು ಟಾಮಾದವರ ಕೈಗೆ. ಅಂದ್ರೆ ಡಿಡಬ್ಲ್ಯೂ ಪೆಡಲ್ ದೊಡ್ಡದೋ ಟಾಮಾ ಪೆಡಲ್ ದೊಡ್ಡದೋ ಅಂತ ಕಿತ್ತಾಡೋರು ದಾಯಾದಿಗಳ ಪರ ವಕೀಲಿ ಮಾಡ್ತಿದ್ದಾರೆ ಅಷ್ಟೆ. ವಾರಕ್ಕೆ ನಾಲ್ಕು ದಿನ ಸ್ಟುಡಿಯೋದಲ್ಲಿ ದುಡಿಯೋ ಡ್ರಮ್ಮರ್ ಈ ಕಿಟ್ಟಿಗೆ ದುಡ್ಡು ಹಾಕಿದರೆ ನಾನು ಒಂದು ಮಾತೂ ಆಡಲ್ಲ. ಟೇಕ್ ನಡುವೆ ಸ್ಟ್ಯಾಂಡ್ ಜಾರಿದರೆ ಅವನ ಅನ್ನ ಜಾರಿದ ಹಾಗೆ. ಇಷ್ಟಪಟ್ಟು, ಬಣ್ಣ ನೋಡಿ ತಗೊಂಡರೂ ತಪ್ಪಿಲ್ಲ. ರಿಂಗೋ ಸ್ಟಾರ್ ಕೂಡ 1963ರಲ್ಲಿ ಲಂಡನ್ನಿನ ಅಂಗಡಿಯಲ್ಲಿ ಲುಡ್ವಿಗ್ ಆರಿಸಿದ್ದು ಆ ಕಪ್ಪು-ಬಿಳಿ ಚಿಪ್ಪಿನ ಬಣ್ಣಕ್ಕೆ ಮರುಳಾಗಿ. ನಿಮ್ಮ ದುಡ್ಡು, ನಿಮ್ಮ ಕಣ್ಣು.

ನನಗೆ ಸಿಟ್ಟು ಬರೋದು ಬ್ರ್ಯಾಂಡು ಮನುಷ್ಯರನ್ನ ಜರಡಿ ಹಿಡಿಯೋ ಸಾಧನ ಆದಾಗ.

ಹೋದ ವರ್ಷ ಬೈಕಿಂದ ಬಿದ್ದು ನನ್ನ ಎಡಗೈ ಮಣಿಕಟ್ಟಿಗೆ ಪಟ್ಟಿ ಬಿತ್ತು. ನಮ್ಮ ಬ್ಯಾಂಡಿಗೆ ಆರು ದಿನದಲ್ಲಿ ಒಂದು ಕಂಪನಿಯ ವಾರ್ಷಿಕೋತ್ಸವ ಇತ್ತು, ಹತ್ತು ಹಿಂದಿ, ಆರು ಕನ್ನಡ, ನಾಲ್ಕು ಇಂಗ್ಲಿಷ್. ನಾನು ಯಶವಂತಪುರದ ಒಬ್ಬರ ಹೆಸರು ಹೇಳಿದೆ. ನಲವತ್ತೈದು ದಾಟಿದ ಆಸಾಮಿ, ಇಪ್ಪತ್ತು ವರ್ಷಕ್ಕೂ ಮೇಲೆ ಆರ್ಕೆಸ್ಟ್ರಾದಲ್ಲಿ ಇದ್ದಾರೆ. ಗಣೇಶನ ಹಬ್ಬದಿಂದ ಶುರುವಾದರೆ ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಜಾತ್ರೆಗಳು. ಟಾಟಾ ಏಸ್‌ನಲ್ಲಿ ಸ್ಪೀಕರುಗಳ ಮಧ್ಯೆ ಕೂತು ಹೋಗಿ, ಒಂದೇ ರಾತ್ರಿ ಮೂವತ್ತು ಹಾಡು ಹೊಡೆದು ಬರ್ತಾರೆ. ಅಣ್ಣಾವ್ರ ಹಾಡು ಮುಗಿದ ಮರುಕ್ಷಣ ಅಪ್ಪು ಹಾಡು, ಗಾಯಕ ಒಂದು ಚರಣ ಹಾರಿಸಿದರೆ ಅದಕ್ಕೂ ತಕ್ಷಣ ಫಿಲ್ ಹಾಕಿ ಸರಿ ಮಾಡ್ತಾರೆ. ಒಬ್ಬರೇ ಒಂದು ಕೈಯಲ್ಲಿ ಡ್ರಮ್ಸು, ಇನ್ನೊಂದು ಕೈಯಲ್ಲಿ ಆಕ್ಟೋಪ್ಯಾಡು. ಅಲ್ಲೇ ತಬಲಾ, ಅಲ್ಲೇ ಢೋಲಕ್, ಅಲ್ಲೇ ತಮಟೆ. ನಾನು ಅವರಿಗೆ ಅಣ್ಣ ಅಂದ್ರೂ ಅವರು ನನಗೆ ಸರ್ ಅನ್ನೋದು ಬಿಟ್ಟಿಲ್ಲ.

ಬ್ಯಾಂಡಿನವರು ಕೇಳಿದ ಮೊದಲ ಪ್ರಶ್ನೆ: "ಕಿಟ್ ಯಾವುದು?"

ಲೋಕಲ್ ಸೆಟ್ಟು, ಜೊತೆಗೆ ರೋಲ್ಯಾಂಡ್ ಪ್ಯಾಡು ಅಂದೆ. "ಪ್ಯಾಡಾ? ಮಗಾ, ಇದು ಆರ್ಕೆಸ್ಟ್ರಾ ಅಲ್ಲ" ಅಂದ ಗಿಟಾರಿನವನು. ಅವರ ಒಂದು ವಿಡಿಯೋ ಕಳಿಸಿದೆ, ಯಾರೂ ತೆರೆದು ನೋಡಲಿಲ್ಲ. ಅಂದಹಾಗೆ ಆ ಕಾರ್ಯಕ್ರಮಕ್ಕೆ ಕಿಟ್ ಬರ್ತಿದ್ದಿದ್ದು ಸೌಂಡಿನವರ ಕಡೆಯಿಂದ ಬಾಡಿಗೆಗೆ. ಡ್ರಮ್ಮರ್ ಕೈಯಲ್ಲಿ ಕೋಲು ಹಿಡ್ಕೊಂಡು ಬಂದಿದ್ದರೆ ಸಾಕಿತ್ತು. ಆದರೂ ಮನೆಯಲ್ಲಿ ಡಿಡಬ್ಲ್ಯೂ ಇರೋ ಒಬ್ಬ ಹುಡುಗನನ್ನ ಕರೆಸಿದರು, ಅವನು ಬಂದು ಅದೇ ಬಾಡಿಗೆ ಕಿಟ್ಟಿನ ಮೇಲೆ ಬಾರಿಸಿದ. ಚೆನ್ನಾಗೇ ಬಾರಿಸಿದ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಶವಂತಪುರದವರಿಗೆ ಆ ದಿನದ ಸಂಭಾವನೆ ಹೋಗಿದ್ದು ಅವರ ಕೈ ಕೇಳಿ ಅಲ್ಲ, ಅವರ ಮನೆಯಲ್ಲಿ ಏನಿದೆ ಅಂತ ಕೇಳಿ. ಕಾರ್ಪೊರೇಟ್ ಕಾರ್ಯಕ್ರಮ ಒಂದಕ್ಕೆ ಸಿಗೋ ದುಡ್ಡು ಅವರ ಮೂರು ಗಣಪತಿ ಪೆಂಡಾಲಿಗೆ ಸಮ. ನಮಗೆ ಅದು ವೀಕೆಂಡಿನ ಖುಷಿ, ಅವರಿಗೆ ಮಗಳ ಪಿಯುಸಿ ಫೀಸು.

'ಆರ್ಕೆಸ್ಟ್ರಾ ಡ್ರಮ್ಮರ್' ಅನ್ನೋದನ್ನ ನಮ್ಮ ವಲಯದಲ್ಲಿ ಬೈಗುಳದ ಥರ ಬಳಸ್ತಾರೆ. ಪ್ಯಾಡು ನಿಜವಾದ ಡ್ರಮ್ ಅಲ್ಲ, ಅದು ಬಡವರ ಶಾರ್ಟ್‌ಕಟ್ಟು, ಡಿಡಬ್ಲ್ಯೂ ಮಾತ್ರ ಅಸಲಿ ಅನ್ನೋ ಧಾಟಿ. ಹೀಗನ್ನೋರಿಗೆ ಒಂದು ಸುದ್ದಿ ಮುಟ್ಟಿದ ಹಾಗಿಲ್ಲ. 1985ರಲ್ಲಿ ಮೊದಲ ಆಕ್ಟೋಪ್ಯಾಡ್ ಮಾಡಿ, ಆಮೇಲೆ ಅದು ಊರೂರ ಆರ್ಕೆಸ್ಟ್ರಾ ಸ್ಟೇಜಿಗೂ ಬರೋ ಹಾಗೆ ಮಾಡಿದ್ದು ಜಪಾನಿನ ರೋಲ್ಯಾಂಡ್ ಕಂಪನಿ. ಅದೇ ರೋಲ್ಯಾಂಡ್ 2022ರಲ್ಲಿ ಡಿಡಬ್ಲ್ಯೂ ಕಂಪನಿಯನ್ನ ಕೊಂಡುಕೊಂಡಿತು. ಇಡೀ ಕಂಪನಿ, ಜಾನ್ ಗುಡ್ ತಟ್ಟೋ ಮರದ ಸಮೇತ. ನಿಮ್ಮ ದೇವರ ಗುಡಿ ಈಗ ಪ್ಯಾಡಿನವರ ಆಡಳಿತದಲ್ಲಿದೆ. ಈಗ ಮೈಲಿಗೆ ಯಾರಿಗೆ?

ನಾಸ್ತಿಕರ ಪಂಗಡವೂ ಇಲ್ಲಿ ಬೆನ್ನು ತಟ್ಟಿಕೊಳ್ಳೋದು ಬೇಡ. ಆ ದಿನ "ಪ್ಯಾಡಾ?" ಅಂದ ಗಿಟಾರಿನವನು ಡಿಡಬ್ಲ್ಯೂ ಬರೀ ಹೆಸರು ಅಂತ ವಾದಿಸೋನೇ. ಅವನಿಗೆ ಡಿಡಬ್ಲ್ಯೂ ಬೇಡ, ಗ್ರೆಶ್ ಬೇಕು, ಅರವತ್ತರ ದಶಕದ್ದಾದರೆ ಇನ್ನೂ ಒಳ್ಳೇದು. ದೇವರು ಬೇರೆ, ಗರ್ಭಗುಡಿ ಬಾಗಿಲು ಮಾತ್ರ ಅದೇ ಅಳತೆ. 2011ರ ಅಕ್ಟೋಬರ್ 30ಕ್ಕೆ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮೆಟಾಲಿಕಾ ಬಂದಾಗ ಕೆಸರಲ್ಲಿ ನಿಂತು ಕುಣಿದೋರು ನಾವೆಲ್ಲ. ಲಾರ್ಸ್ ಉಲ್ರಿಕ್ ಟಾಮಾ ಬಾರಿಸ್ತಾನೆ ಅಂತ ಯಾರಾದ್ರೂ ಟಿಕೆಟ್ ವಾಪಸ್ ಕೊಟ್ರಾ?

ನಾನೀಗ ಎರಡು ಕೆಲಸ ಮಾಡಿದ್ದೀನಿ. ಸ್ವಂತ ಡ್ರಮ್ ಕೀ ಬ್ಯಾಗಲ್ಲಿ ಇಟ್ಕೊಂಡು ಹೋಗ್ತೀನಿ, ಜ್ಯಾಮ್ ರೂಮಿಗೆ ಕಾಲು ಗಂಟೆ ಮುಂಚೆ ಹೋಗಿ ಸ್ನೇರನ್ನಾದ್ರೂ ಟ್ಯೂನ್ ಮಾಡ್ತೀನಿ. ರೂಮಿನ ಓನರ್‌ಗೆ ಹೆಡ್ಡಿನ ದುಡ್ಡಲ್ಲಿ ಅರ್ಧ ನಾವು ಹಾಕ್ತೀವಿ ಅಂತ ಹೇಳಿ ಎರಡು ತಿಂಗಳಾಯ್ತು, "ನೋಡೋಣ ಸರ್" ಅಂದಿದ್ದಾರೆ, ಇನ್ನೂ ನೋಡ್ತಾನೇ ಇದ್ದಾರೆ. ಇನ್ನೊಂದು, ಯಶವಂತಪುರದ ಅಣ್ಣನ ನಂಬರನ್ನ ಪರಿಚಯದ ಐದು ಬ್ಯಾಂಡಿಗೆ ಕಳಿಸಿದ್ದೀನಿ. ಒಬ್ಬರು ಕರೆದಿದ್ದರು, ಒಮ್ಮೆ ಆದ ಮೇಲೆ ಇನ್ನೂ ಎರಡು ಸಲ ಕರೆದರು. ನಿಮ್ಮ ಬ್ಯಾಂಡಿಗೂ ಡ್ರಮ್ಮರ್ ಕೈಕೊಟ್ಟರೆ ನನ್ನ ಕೇಳಿ, ನಂಬರ್ ಕೊಡ್ತೀನಿ. ಎಷ್ಟು ಹಾಡು ಬರುತ್ತೆ, ರಿಹರ್ಸಲ್‌ಗೆ ಯಾವಾಗ ಬರ್ತಾರೆ, ಎಷ್ಟು ಕೊಡಬೇಕು, ಏನು ಬೇಕಾದ್ರೂ ಕೇಳಿ. ಕಿಟ್ ಯಾವುದು ಅಂತ ಮಾತ್ರ ಕೇಳಿದ್ರೋ, ಫೋನ್ ಇಡ್ತೀನಿ.