ಅಪ್ಡೇಟ್ ಹೊಡೆಯೋ ಮುಂಚೆ ಮನೇಲಿರೋ ಪಹಣಿ ತೆಗೆದು ನೋಡಿ

(1/3)
ಪ್ರಾಜೆಕ್ಟ್ ಸೀಸನ್ ಶುರುವಾಯ್ತು. ಬಿಸಿಎ ಫ್ರೆಂಡ್ಸ್ ಎಲ್ಲಾ ಆ್ಯಪ್ ಮಾಡ್ತಿದ್ದಾರೆ, ನಮ್ಮ ಬಿಕಾಂನಲ್ಲೂ ಒಂದಷ್ಟು ಜನ ಪೈಥಾನ್, ಮೈಎಸ್‌ಕ್ಯೂಎಲ್ ಅಂತ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಎಲ್ಲರ ಆ್ಯಪಲ್ಲೂ ಎರಡು ಬಟನ್ ಇದ್ದೇ ಇರುತ್ತೆ: ಸೇವ್, ಎಡಿಟ್. ಸೇವ್ ಒತ್ತಿದ್ರೆ ನಿಮ್ಮ ಕೋಡ್ ಡೇಟಾಬೇಸಿಗೆ ‘ಇನ್ಸರ್ಟ್’ ಅನ್ನುತ್ತೆ, ಒಂದು ಹೊಸ ಸಾಲು ಸೇರುತ್ತೆ. ಎಡಿಟ್ ಒತ್ತಿದ್ರೆ ‘ಅಪ್ಡೇಟ್’, ಇದ್ದ ಸಾಲಿನ ಮೇಲೇ ಹೊಸದನ್ನ ಬರೆಯುತ್ತೆ. ಹಳೇದು ಹೋಯ್ತು. ಮೊದಲು ಏನಿತ್ತು, ಯಾರು ಬದಲಾಯಿಸಿದ್ರು, ಯಾವತ್ತು, ಒಂದೂ ಉಳಿಯಲ್ಲ.

ನಾನು ಹೇಳೋದು ಇಷ್ಟೇ: ದುಡ್ಡು, ಜಮೀನು, ಮಾರ್ಕ್ಸ್, ಅಟೆಂಡೆನ್ಸ್ ಇರೋ ಟೇಬಲ್‌ಗೆ ಬರೀ ಅಪ್ಡೇಟ್ ಹೊಡೆಯೋ ಕೋಡ್ ಬರೀಬೇಡಿ. ಬದಲಾವಣೆನೂ ಒಂದು ಹೊಸ ಸಾಲಾಗಿ ಇನ್ಸರ್ಟ್ ಆಗಲಿ, ಹಳೇದು ಇದ್ದಲ್ಲೇ ಇರಲಿ.

ಇದೇನು ಅಮೆರಿಕದಿಂದ ಬಂದ ಐಡಿಯಾ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಿಮ್ಮದು ಜಮೀನಿರೋ ಮನೆ ಆದ್ರೆ ಬೀರುವಿನಲ್ಲಿ ಪಹಣಿ ಇರುತ್ತೆ. ತೆಗೆದು ನೋಡಿ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 10ನೇದರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನೋದು. ಅಲ್ಲೇ ಎಂ.ಆರ್. ಅಂತ ಒಂದು ನಂಬರ್ ಸಿಗುತ್ತೆ. ಮ್ಯುಟೇಶನ್ ರಿಜಿಸ್ಟರ್ ನಂಬರ್ ಅದು. ತಾತ ತೀರಿಕೊಂಡ್ರೆ ಪಹಣಿಯಲ್ಲಿ ಅವರ ಹೆಸರು ಅಳಿಸಿ ಅಪ್ಪನ ಹೆಸರು ಬರೆಯಲ್ಲ. ಮೊದಲು ಪೌತಿ ಖಾತೆಗೆ ಅರ್ಜಿ. ಮ್ಯುಟೇಶನ್ ರಿಜಿಸ್ಟರ್‌ನಲ್ಲಿ ಹೊಸ ನಮೂದು. ಆಮೇಲೆ ನೋಟಿಸ್, ಯಾರಾದ್ರೂ ತಕರಾರು ಇದ್ರೆ ಹೇಳೋಕೆ ಟೈಮು. ಅಧಿಕಾರಿ ದೃಢೀಕರಿಸಿದ ಮೇಲಷ್ಟೇ ಪಹಣಿಯಲ್ಲಿ ಹೆಸರು ಬದಲಾಗೋದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಸೆಕ್ಷನ್ 129 ಹೇಳೋದೇ ಇದನ್ನ. ನಮ್ಮ ಭಾಷೇಲಿ ಹೇಳೋದಾದ್ರೆ: ಮೊದಲು ಇನ್ಸರ್ಟ್, ಕೊನೆಗೆ ಅಪ್ಡೇಟ್, ಮತ್ತೆ ಆ ಅಪ್ಡೇಟ್ ಜೊತೆ ಇನ್ಸರ್ಟ್‌ನ ನಂಬರ್. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಇದನ್ನ ಯೋಚನೆ ಮಾಡಿದ್ರು ಕಣ್ರಪ್ಪಾ.

(2/3)
ಭೂಮಿ ಯೋಜನೆ ಬರೋ ಮುಂಚೆ ಈ ಪುಸ್ತಕಗಳು ಗ್ರಾಮ ಲೆಕ್ಕಿಗರ ಕೈಯಲ್ಲಿದ್ವು (ಊರಲ್ಲಿ ಹಿರಿಯರು ಈಗಲೂ ಶಾನುಭೋಗ್ರು ಅಂತಲೇ ಅಂತಾರೆ). ರಾಜ್ಯದಾದ್ಯಂತ ಸುಮಾರು 9,000 ಜನ ಲೆಕ್ಕಿಗರು. ಪುಸ್ತಕ ಅವರ ಹತ್ರ ಇದ್ಮೇಲೆ ಅದರಲ್ಲಿ ಏನು ತಿದ್ದಿದ್ರು ಅಂತ ರೈತನಿಗೆ ಹೇಗೆ ಗೊತ್ತಾಗಬೇಕು? 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆ ಕಂಪ್ಯೂಟರ್‌ಗೆ ಬಂತು. ತಾಲ್ಲೂಕು ಆಫೀಸಿನ ಕಿಯಾಸ್ಕ್‌ನಲ್ಲಿ ಆಗ 15 ರೂಪಾಯಿಗೆ ಪಹಣಿ ಸಿಗ್ತಿತ್ತು. ಎಲ್ಲರೂ ಹೊಗಳೋದು ಇದನ್ನೇ.

ನನಗೆ ಇಷ್ಟವಾಗೋದು ಬೇರೆ ಎರಡು. ಒಂದು, ಸಿಸ್ಟಂ ಒಳಗೆ ಹೋಗೋಕೆ ಬೆರಳಚ್ಚು ಬೇಕು, ಹಾಗಾಗಿ ‘ನಾನು ಮಾಡಿಲ್ಲ ಸಾರ್’ ಅನ್ನೋಕೆ ಆಗಲ್ಲ. ಇನ್ನೊಂದು, ಮ್ಯುಟೇಶನ್ ಅರ್ಜಿ ಬಂದ ಕ್ರಮದಲ್ಲೇ ಹೋಗಬೇಕು. ಹಿಂದೆ ಬಂದವರನ್ನ ಮುಂದೆ ತೂರಿಸೋಕೆ ಪ್ರೋಗ್ರಾಂ ಬಿಡಲ್ಲ. ಪಹಣಿ ಪ್ರಿಂಟ್ ಬರೋದಕ್ಕಿಂತ ದೊಡ್ಡ ಕೆಲಸ ಅಂದ್ರೆ ಇದು ಅಂತ ನನಗನ್ನಿಸುತ್ತೆ. ಯಾರು ಬರೀಬಹುದು, ಯಾವಾಗ ಬರೀಬಹುದು ಅಂತ ಕೋಡ್‌ನಲ್ಲೇ ಕಟ್ಟಿಹಾಕಿದ್ರು.

ಬಿಕಾಂನವರಿಗೆ ಇದು ಗೊತ್ತಿರೋ ವಿಷಯನೇ. ಜರ್ನಲ್‌ನಲ್ಲಿ ತಪ್ಪಾದ್ರೆ ವೈಟ್ನರ್ ಹಚ್ತೀವಾ? ಇಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಹಾಕ್ತೀವಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ಎಡಿಟ್ ಲಾಗ್ ದಿನಾಂಕದ ಜೊತೆ ಇರಲೇಬೇಕು, ಅದನ್ನ ಆಫ್ ಮಾಡೋಕೂ ಬರಬಾರದು ಅಂತ ರೂಲ್ ಇದೆ. ಟ್ಯಾಲಿಪ್ರೈಮ್ ಎಡಿಟ್ ಲಾಗ್ ಅನ್ನೋದು ಅದಕ್ಕೇ ಬಂದಿದ್ದು. ಕಂಪನಿಗಳಿಗೆ ಈ ರೂಲ್, ನಮ್ಮ ಊರಿನ ಸಂಘದ, ಚೀಟಿಯ, ಟ್ಯೂಷನ್ ಫೀಸಿನ ಆ್ಯಪ್‌ಗೆ ಯಾಕೆ ಬೇಡ?

ಹೊಗೆಸೊಪ್ಪಿನ ಲೆಕ್ಕ ತಗೊಳ್ಳಿ. ನೀವು ರೈತರಿಗೆ ಅಂತ ಒಂದು ಆ್ಯಪ್ ಮಾಡ್ತೀರಿ, ಒಂದೊಂದು ಬೇಲಿಗೂ ಒಂದು ಸಾಲು. ಇವತ್ತು ಹರಾಜಲ್ಲಿ ಯಾರೂ ಕೂಗಲಿಲ್ಲ, ‘ನೋ ಬಿಡ್’. ಬೇಲು ವಾಪಸ್ ಮನೆಗೆ. ಇನ್ನೊಂದು ದಿನ ಮತ್ತೆ ತಂದ್ರು, ಮಾರಾಟ ಆಯ್ತು. ನಿಮ್ಮ ಕೋಡ್ ‘ನೋ ಬಿಡ್’ ಮೇಲೆ ‘ಸೋಲ್ಡ್’ ಅಂತ ಅಪ್ಡೇಟ್ ಹೊಡೀತು ಅನ್ಕೊಳ್ಳಿ. ಸೀಸನ್ ಕೊನೆಗೆ ರಿಪೋರ್ಟ್ ತೆಗೆದ್ರೆ ಎಲ್ಲಾ ಬೇಲೂ ಚೆನ್ನಾಗಿ ಮಾರಾಟ ಆಗಿವೆ! ಎರಡು ಸಲ ಗಾಡಿ ಬಾಡಿಗೆ ಕೊಟ್ಟಿದ್ದು ಯಾವ ಟೇಬಲ್‌ನಲ್ಲೂ ಇಲ್ಲ. ರೈತ ಬಾಯಲ್ಲಿ ಹೇಳಬೇಕು, ಕೇಳೋರು ‘ಸಿಸ್ಟಂನಲ್ಲಿ ಹಾಗಿಲ್ವಲ್ಲಾ’ ಅಂತಾರೆ.

ಇನ್ನೊಂದು: ಸರಗೂರು ಎಚ್.ಡಿ. ಕೋಟೆಯಿಂದ, ಸಾಲಿಗ್ರಾಮ ಕೆ.ಆರ್. ನಗರದಿಂದ ಬೇರೆಯಾಗಿ ಹೊಸ ತಾಲ್ಲೂಕಾದವು. ತಾಲ್ಲೂಕು ಕಾಲಂನ ಒಂದೇ ಏಟಿಗೆ ಅಪ್ಡೇಟ್ ಮಾಡಿಬಿಟ್ರೆ ಹಳೇ ಕ್ರಯಪತ್ರದಲ್ಲಿರೋ ತಾಲ್ಲೂಕಿಗೂ ನಿಮ್ಮ ಆ್ಯಪ್‌ಗೂ ತಾಳೆಯಾಗಲ್ಲ. ಎರಡೂ ನಿಜ, ಬೇರೆಬೇರೆ ಕಾಲದ್ದು. ‘ಇಂಥ ದಿನದಿಂದ’ ಅಂತ ಒಂದು ಕಾಲಂ ಇಟ್ಟಿದ್ರೆ ಮುಗೀತಿತ್ತು.

(3/3)
ಈಗ ಕೋಡ್ ಬರೆಯೋರಿಗೆ ಸ್ವಲ್ಪ.

ಅಪ್ಡೇಟ್ ಕೊಟ್ಟಾಗ ಹೊಂದೋ ಸಾಲೇ ಸಿಗದಿದ್ರೂ ಡೇಟಾಬೇಸ್ ಎರರ್ ಕೊಡಲ್ಲ. ಸೊನ್ನೆ ಸಾಲು ಬದಲಾಯ್ತು ಅಂತ ಸುಮ್ಮನೆ ಹೇಳುತ್ತೆ. ಆ ಸಂಖ್ಯೆ ನೋಡದೇ ‘ಯಶಸ್ವಿಯಾಗಿ ಉಳಿಸಲಾಗಿದೆ’ ಅಂತ ಹಸಿರು ಟಿಕ್ ತೋರಿಸೋ ಆ್ಯಪ್ ಸುಳ್ಳು ಹೇಳ್ತಿದೆ. ಒಂದು ಸಾಲು ಬದಲಾಗಬೇಕಿದ್ರೆ ಒಂದೇ ಬದಲಾಯ್ತಾ ಅಂತ ನೋಡಿ. ‘ವೇರ್’ ಬಿಟ್ಟುಹೋದ್ರಂತೂ ಟೇಬಲ್‌ನಲ್ಲಿರೋ ಎಲ್ಲರೂ ಒಂದೇ ಹೆಸರಿನವರಾಗ್ತಾರೆ.

2 ಎಕರೆ 10 ಗುಂಟೆ, ಮೂರು ಜನ ಅಣ್ಣತಮ್ಮಂದಿರು, ತಲಾ 30 ಗುಂಟೆ. ಹಳೇ ಸಾಲು ಮುಚ್ಚಬೇಕು, ಮೂರು ಹೊಸ ಸಾಲು ಸೇರಬೇಕು. ಎರಡನೇದು ಆದ್ಮೇಲೆ ಕರೆಂಟ್ ಹೋದ್ರೆ ಮೂರನೇ ತಮ್ಮನ ಗತಿ? ಅದಕ್ಕೇ ಟ್ರಾನ್ಸಾಕ್ಷನ್: ನಾಲ್ಕೂ ಆದ್ರೆ ಕಮಿಟ್, ಒಂದು ತಪ್ಪಿದ್ರೂ ರೋಲ್‌ಬ್ಯಾಕ್. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು ಅನ್ನೋ ಹಾಗೆ.

ಹೆಸರನ್ನ ನೇರವಾಗಿ ಕ್ವೆರಿ ವಾಕ್ಯಕ್ಕೆ ಅಂಟಿಸಬೇಡಿ, ಪ್ಯಾರಾಮೀಟರ್ ಆಗಿ ಕೊಡಿ. ಇಂಗ್ಲಿಷಲ್ಲಿ ಡಿ’ಸೋಜಾ ಅಂತ ಟೈಪ್ ಮಾಡಿದ್ರೆ ಮಧ್ಯದ ಆ ಒಂದು ಚುಕ್ಕೆಗೇ ಕ್ವೆರಿ ಮುರಿಯುತ್ತೆ. ಬೇಕಂತಲೇ ಕಿತಾಪತಿ ಮಾಡೋರು ಅದೇ ಸಂದಿಯಲ್ಲಿ ನುಗ್ತಾರೆ.

‘ಇಷ್ಟೆಲ್ಲಾ ಇಟ್ರೆ ಟೇಬಲ್ ದಪ್ಪ ಆಗುತ್ತೆ, ಸ್ಲೋ ಆಗುತ್ತೆ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಒಂದು ಊರಿನ ಸಂಘದ ವರ್ಷದ ಲೆಕ್ಕ ನಿಮ್ಮ ಒಂದು ರೀಲ್ಸ್ ವಿಡಿಯೋದಷ್ಟೂ ಜಾಗ ತಗೊಳಲ್ಲ. ಕೋಡ್ ಸ್ವಲ್ಪ ಜಾಸ್ತಿ ಬರೀಬೇಕು, ಇತ್ತೀಚಿನ ಸಾಲು ಯಾವುದು ಅಂತ ಹುಡುಕಬೇಕು, ಅದು ನಿಜ. ಎಲ್ಲದಕ್ಕೂ ಬೇಕಾಗೂ ಇಲ್ಲ. ಫೋನ್ ನಂಬರ್, ಪ್ರೊಫೈಲ್ ಫೋಟೋ ಆರಾಮಾಗಿ ಅಪ್ಡೇಟ್ ಮಾಡಿ. ಇನ್ನೊಬ್ಬರ ಹಳೇ ನಂಬರ್ ಇಟ್ಕೊಂಡು ನೀವೇನು ಮಾಡ್ತೀರಾ?

ಆದ್ರೆ ಅಟೆಂಡೆನ್ಸ್ ಆ್ಯಪ್ ಮಾಡ್ತಿರೋರು ಒಂದು ನಿಮಿಷ ನಿಲ್ಲಿ. ಶಾರ್ಟೇಜ್ ಲಿಸ್ಟ್‌ನಲ್ಲಿ ಹೆಸರು ಬಂದ ಹುಡುಗಿ ‘ಮೇಡಂ, ಆವತ್ತು ಪ್ರೆಸೆಂಟ್ ಇದ್ದೆ’ ಅಂದ್ರೆ, ನಿಮ್ಮ ಟೇಬಲ್ ಅವಳ ಪರವಾಗಿ ಏನಾದ್ರೂ ತೋರಿಸುತ್ತಾ? ಟೇಬಲ್ ಡಿಸೈನ್ ಸ್ಕ್ರೀನ್‌ಶಾಟ್ ಡಿಎಂ ಮಾಡಿ, ಭಾನುವಾರ ಕೂತು ನೋಡೋಣ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಬಿಕಾಂಹುಡುಗರು