ಜಾಲತಾಣ ಎಂದರೆ ಫೇಸ್‌ಬುಕ್ ಅಲ್ಲ

‘ಜಾಲತಾಣದಲ್ಲಿ ವೈರಲ್ ಆದ ವಿಡಿಯೊ’, ‘ಜಾಲತಾಣದಲ್ಲಿ ಭಾರಿ ಆಕ್ರೋಶ’. ಪತ್ರಿಕೆ ತೆರೆದರೆ ದಿನಕ್ಕೊಂದಾದರೂ ಇಂಥ ತಲೆಬರಹ ಇರುತ್ತದೆ. ಜಾಲತಾಣ ಎಂಬ ಪದವನ್ನು ನಾವು ಕಟ್ಟಿಕೊಂಡದ್ದು ವೆಬ್‌ಸೈಟಿಗಾಗಿ. ಆಮೇಲೆ ಅದರ ಮುಂದೆ ‘ಸಾಮಾಜಿಕ’ ಎಂಬ ಪದ ಬಂದು ಕೂತಿತು. ಸ್ವಲ್ಪ ದಿನಕ್ಕೆ ಆ ‘ಸಾಮಾಜಿಕ’ವೂ ಉದುರಿಹೋಯಿತು. ಈಗ ಬರೀ ಜಾಲತಾಣ ಎಂದರೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಎಂದೇ ಅರ್ಥ. ನಿಜವಾದ ವೆಬ್‌ಸೈಟಿಗೆ ಕನ್ನಡದಲ್ಲಿ ಹೆಸರೇ ಉಳಿದಿಲ್ಲ. ಪದದ ಅರ್ಥ ಸರಿದದ್ದಕ್ಕೆ ನಾನು ಅಳುವುದಿಲ್ಲ, ಭಾಷೆಯಲ್ಲಿ ಇದೆಲ್ಲ ನಡೆಯುತ್ತಲೇ ಇರುತ್ತದೆ. ಆದರೆ ಪದದ ಜೊತೆಗೆ ಒಂದು ಅಭ್ಯಾಸವೂ ಹೋಗಿದೆ. ನನ್ನ ತಕರಾರು ಅದರ ಬಗ್ಗೆ.

ನಾನು ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುವವನು. ಪ್ರತಿ ವರ್ಷ ಹೊಸಬರು ಬಂದಾಗ ಒಂದು ಪ್ರಶ್ನೆ ಕೇಳುತ್ತೇನೆ: ಈ ವಾರ ಯಾರೂ ಕಳಿಸದೆ, ಯಾವ ಆ್ಯಪೂ ತೋರಿಸದೆ, ನೀವಾಗಿಯೇ ಹುಡುಕಿಕೊಂಡು ಹೋದ ವೆಬ್‌ಸೈಟ್ ಯಾವುದು? ಬರುವ ಉತ್ತರ ಎರಡೇ, ಫಲಿತಾಂಶದ ಸೈಟು ಮತ್ತು ಸ್ಕಾಲರ್‌ಶಿಪ್ ಸೈಟು. ದಿನಕ್ಕೆ ನಾಲ್ಕೈದು ಗಂಟೆ ಇಂಟರ್ನೆಟ್ಟಿನಲ್ಲಿ ಇರುವ ಮಕ್ಕಳು ಇವರು. ಇದನ್ನು ಅವರ ತಪ್ಪು ಎಂದು ಹೇಳುತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಆ ಎರಡು ಉತ್ತರವೂ ಬರುವುದಿಲ್ಲ. ನಾವೆಲ್ಲ ಮನೆ ಬಾಗಿಲಿಗೆ ಬಂದದ್ದನ್ನು ತಿನ್ನುವ ಗಿರಾಕಿಗಳಾಗಿದ್ದೇವೆ. ಎದ್ದು ಸಂತೆಗೆ ಹೋಗುವುದನ್ನು ಬಿಟ್ಟಿದ್ದೇವೆ.

ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಮದ್ದು ಚಾಲ್ತಿಯಲ್ಲಿದೆ. ಒಂದು, ವೇದಿಕೆಯ ಮೇಲೆ ನಿಂತು ‘ಮೊಬೈಲ್ ಬಿಡಿ, ಪುಸ್ತಕ ಹಿಡಿ’ ಎಂದು ಭಾಷಣ ಮಾಡುವುದು. ಆ ಭಾಷಣದ ವಿಡಿಯೊವನ್ನು ರೀಲ್ ಮಾಡಿ ಹಾಕುವವರೂ ಅದೇ ಸಂಘಟಕರು, ಆ ಮಾತು ಬೇರೆ. ಇನ್ನೊಂದು, ‘ನೀವು ನೋಡಲೇಬೇಕಾದ 50 ಅದ್ಭುತ ವೆಬ್‌ಸೈಟುಗಳು’ ಎಂಬ ಪಟ್ಟಿ. ಈ ಪಟ್ಟಿಗಳನ್ನು ಕಂಡರೆ ನನಗೆ ಹೆಚ್ಚು ಸಿಟ್ಟು. ಇವನ್ನು ಮಾಡಿದವರು ಐವತ್ತರಲ್ಲಿ ಐದಕ್ಕೂ ಎರಡನೇ ಸಲ ಹೋಗಿರುವುದಿಲ್ಲ. ದೋಸೆ ತಿಂದವನು ಹೋಟೆಲಿನ ಹೆಸರು ಹೇಳಬೇಕು. ಬೋರ್ಡು ಓದಿಕೊಂಡು ಬಂದವನ ಮಾತಿಗೆ ಏನು ಬೆಲೆ? ಹಾಗಾಗಿ ಇಲ್ಲಿ ನಾನು ಹೆಸರಿಸುವುದು ನಾನು ಮತ್ತೆ ಮತ್ತೆ ಹೋಗುವ ಕೆಲವನ್ನು ಮಾತ್ರ.

‘ಕನ್ನಡದಲ್ಲಿ ಏನಿದೆ ಸಾರ್?’ ಎಂಬ ಮಾತಿನಿಂದಲೇ ಶುರು ಮಾಡೋಣ. ಕನ್ನಡ ಎಂ.ಎ. ಮಾಡಿದವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಅವರ ಫೋನಿನಲ್ಲಿ ‘ಅಲರ್’ ಇರುವುದಿಲ್ಲ. ವಿ. ಕೃಷ್ಣ ಎಂಬವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. 1,50,000ಕ್ಕೂ ಹೆಚ್ಚು ಕನ್ನಡ ಪದಗಳಿವೆ. ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ಇಂಟರ್ನೆಟ್ಟಿಗೆ ಬಂತು, ಮುಕ್ತ ಪರವಾನಗಿಯಲ್ಲಿ. ಎಂದರೆ ಯಾರು ಬೇಕಾದರೂ ಅದರ ದತ್ತಾಂಶ ತೆಗೆದುಕೊಂಡು ಬೇರೆ ಉಪಕರಣ ಕಟ್ಟಬಹುದು. ಅಲರ್ ಎಂದರೆ ಹಳಗನ್ನಡದಲ್ಲಿ ಹೂವು, ಅರಳು. ವಿಳಾಸ ಅಲರ್ ಡಾಟ್ ಇಂಕ್. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಪದ ಬರೆದರೆ ಅರ್ಥ ಬರುತ್ತದೆ. ಪಂಪನ ಪದ್ಯ ಪಾಠ ಮಾಡುವಾಗ ಕಿಟ್ಟೆಲರ 1894ರ ನಿಘಂಟನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ, ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಎರಡನ್ನೂ ಜೋಡಿಸಿ ನೋಡಿದರೆ ನೂರು ವರ್ಷದಲ್ಲಿ ಒಂದು ಪದ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಏನೂ ಇಲ್ಲ ಎನ್ನುವವರು ಇಷ್ಟನ್ನು ಮಾಡಿ ಆಮೇಲೆ ಹೇಳಲಿ.

ಇನ್ನು ವಚನಗಳ ವಿಷಯ. ಬಸವ ಜಯಂತಿ ಬಂತೆಂದರೆ ವಾಟ್ಸಾಪ್ ತುಂಬ ‘ಬಸವಣ್ಣನವರ ವಚನ’ಗಳು. ಹಿಂದೆ ದೀಪದ ಚಿತ್ರ, ಕೆಳಗೆ ಯಾರದೋ ಪಕ್ಷದ ಮುಖಂಡರ ಫೋಟೊ. ಅವುಗಳಲ್ಲಿ ಕೆಲವು ಬಸವಣ್ಣನವರವು, ಕೆಲವು ಬೇರೆ ಶರಣರವು, ಕೆಲವು ಯಾರೋ ಕಳೆದ ವಾರ ಬರೆದವು. ಹನ್ನೆರಡನೇ ಶತಮಾನದವರ ಬಾಯಲ್ಲಿ ಈ ಕಾಲದ ಮ್ಯಾನೇಜ್‌ಮೆಂಟ್ ಗುರುಗಳ ಮಾತು ತುರುಕಿರುತ್ತಾರೆ. ಒಮ್ಮೆ ಅಂಥದ್ದೇ ಒಂದನ್ನು ಒಬ್ಬ ವಿದ್ಯಾರ್ಥಿ ಪ್ರಬಂಧದಲ್ಲಿ ಉಲ್ಲೇಖಿಸಿದ್ದ. ಇದರ ಮೂಲ ಯಾವುದಪ್ಪ ಎಂದೆ. ‘ಎಲ್ಲಾ ಕಡೆ ಇದೆ ಸಾರ್’ ಎಂದ.

ಇದಕ್ಕೆ ‘ವಚನ ಸಂಚಯ’ ಎಂಬ ತಾಣವಿದೆ. ಓ.ಎಲ್. ನಾಗಭೂಷಣ ಸ್ವಾಮಿ, ಓಂಶಿವಪ್ರಕಾಶ್ ಮತ್ತು ಗೆಳೆಯರು ಸ್ವಂತ ಆಸಕ್ತಿಯಿಂದ ಕಟ್ಟಿದ್ದು. 20,000ಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಪದ ಹಾಕಿದರೆ ಯಾವ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ತೋರಿಸುತ್ತದೆ. ‘ಕಾಯಕ’ ಎಂದು ಹುಡುಕಿ ನೋಡಿ. ಕಾಯಕವನ್ನೂ ಕೈಲಾಸವನ್ನೂ ಒಂದಾಗಿಸುವ ಆ ಪ್ರಸಿದ್ಧ ಮಾತು, ಶಾಲೆಯ ಗೋಡೆಗಳ ಮೇಲೆಲ್ಲ ಬಸವಣ್ಣನವರ ಹೆಸರಿನಲ್ಲಿ ಬರೆದಿರುತ್ತಾರಲ್ಲ, ಅದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಸಿಗುತ್ತದೆ. ನೆಲದ ಮೇಲೆ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಮಾರಯ್ಯ. ಆ ಮಾತನ್ನು ಆಡುವ ಹಕ್ಕು ಅವನಿಗೆ ಇದ್ದಷ್ಟು ಇನ್ನಾರಿಗಿತ್ತು? ಅವನ ಹೆಸರನ್ನು ನಾವು ದೊಡ್ಡ ಹೆಸರಿನೊಳಗೆ ಕರಗಿಸಿಬಿಟ್ಟೆವು. ಒಂದು ನಿಮಿಷದ ಹುಡುಕಾಟ ಅದನ್ನು ಅವನಿಗೆ ಮರಳಿಸುತ್ತದೆ. ತಾಣದಲ್ಲಿ ಸಿಗದ ವಚನವೆಲ್ಲ ಖೋಟಾ ಎಂದು ನಾನು ಹೇಳುವುದಿಲ್ಲ. ಪಾಠಾಂತರಗಳಿವೆ, ಸಂಪಾದನೆಯ ಜಗಳಗಳಿವೆ. ಆದರೆ ಹುಡುಕಿ ಸಿಗದಿದ್ದರೆ ಫಾರ್ವರ್ಡ್ ಮಾಡುವ ಮುಂಚೆ ಬೆರಳನ್ನು ಒಂದು ಕ್ಷಣ ತಡೆಯಬಹುದಲ್ಲ.

ಇಂಟರ್ನೆಟ್ ಆರ್ಕೈವ್ ಹೆಸರು ಮೇಲೆ ಬಂತು. ನನ್ನ ಲೆಕ್ಕದಲ್ಲಿ ಕನ್ನಡ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಲೈಬ್ರರಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. 1996ರಲ್ಲಿ ಅಮೆರಿಕದಲ್ಲಿ ಬ್ರೂಸ್ಟರ್ ಕೇಲ್ ಶುರು ಮಾಡಿದ ಲಾಭರಹಿತ ಸಂಸ್ಥೆ. ನಮ್ಮ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಪ್ರತಿಗಳೂ ಅಲ್ಲಿವೆ. ಬೆಂಗಳೂರಿನಲ್ಲೇ ಸ್ವಯಂಸೇವಕರು ಕೂತು ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಏರಿಸಿದ್ದೂ ಇದೆ. ಒಂದು ಗುಟ್ಟು ಹೇಳುತ್ತೇನೆ. ಹಳೆಯ ಸ್ಕ್ಯಾನುಗಳ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಬರೆದಿದ್ದಾರೆ. ಒಬ್ಬ ಲೇಖಕರ ಹೆಸರನ್ನು ನಾಲ್ಕು ಬಗೆಯ ಸ್ಪೆಲಿಂಗ್‌ನಲ್ಲಿ ಹುಡುಕಿ, ಕಾವ್ಯನಾಮದಲ್ಲಿ ಸಿಗದಿದ್ದರೆ ಮೂಲ ಹೆಸರಿನಲ್ಲಿ ಹುಡುಕಿ, ಕನ್ನಡ ಲಿಪಿಯಲ್ಲೂ ಒಮ್ಮೆ ಹುಡುಕಿ. ಮೊದಲ ಸಲ ಸಿಗಲಿಲ್ಲ ಎಂದು ಬಿಟ್ಟವರೇ ಹೆಚ್ಚು.

ಅಲ್ಲಿ ಹೋದವರು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ನೋಡದೆ ಬರಬಾರದು. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರದು, ರೈಸ್ ಕಾಲದಲ್ಲೇ 12 ಸಂಪುಟಗಳು ಬಂದವು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ಎಂದರೆ ಹಾಸನದವರು ಐದನೇ ಸಂಪುಟ, ಕೋಲಾರದವರು ಹತ್ತನೆಯದು, ತುಮಕೂರಿನವರು ಹನ್ನೆರಡನೆಯದು ತೆರೆದು, ತಮ್ಮ ತಾಲ್ಲೂಕಿನ ಪುಟಗಳಿಗೆ ಹೋಗಿ, ತಮ್ಮೂರಿನ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ನಿಂತಿರುವ ಕಲ್ಲು ಏನು ಹೇಳುತ್ತಿದೆ ಎಂದು ಓದಬಹುದು. ಇದು ಹಳೆಯ ಮೈಸೂರು ಮತ್ತು ಕೊಡಗಿನ ಕತೆ. ಧಾರವಾಡ, ಬಿಜಾಪುರದ ಕಡೆಯವರಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಸಂಪುಟಗಳಲ್ಲಿ ಕೆಲವು ಒದಗುತ್ತವೆ. ಬೆಂಗಳೂರಿನವರಿಗೆ ಒಂಬತ್ತನೆಯದು. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಎಂಬ ಕತೆಯನ್ನು ಪ್ರತಿ ರಾಜ್ಯೋತ್ಸವದಲ್ಲೂ ಕೇಳುತ್ತೇವೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ, ಕ್ರಿ.ಶ. 890ರ ಹೊತ್ತಿನ ಬೇಗೂರಿನ ವೀರಗಲ್ಲು ‘ಬೆಂಗಳೂರು ಕಾಳಗ’ದ ಮಾತಾಡುತ್ತದೆ. ಊರಿನ ಹೆಸರು ಆಗಲೇ ಇತ್ತು. ಇದನ್ನು ತಿಳಿಯಲು ಸಂಶೋಧಕರಾಗಬೇಕಿಲ್ಲ, ಐದು ರೂಪಾಯಿಯ ಡೇಟಾ ಸಾಕು.

ಇಷ್ಟು ಓದಿದವರಿಗೆ ಅನ್ನಿಸಿರಬಹುದು, ಇದೆಲ್ಲ ಉಪಯುಕ್ತ ಸರಿ, ಮೋಜು ಎಲ್ಲಿದೆ ಎಂದು. ಉಪಯುಕ್ತವಾದದ್ದು ಕಷಾಯದಂತೆ ಇರಬೇಕು, ಮೋಜು ಎಂದರೆ ರೀಲ್ಸ್ ಎಂಬ ಈ ವಿಂಗಡಣೆಯೇ ಮೋಸ. ರೀಲ್ಸ್ ನೋಡಿ ಎದ್ದವರ ಮುಖ ನೋಡಿ, ಯಾರೂ ಖುಷಿಯಾಗಿ ಎದ್ದದ್ದಿಲ್ಲ. ಕೆಳಗೆಳೆದಷ್ಟೂ ಮುಗಿಯದ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಆಮೇಲೆ ಅದರ ಬಗ್ಗೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ನಮಗೆ ಸಾಕು ಎನ್ನಿಸುವ ಜಾಗವನ್ನೇ ಅದು ಅಳಿಸಿಹಾಕಿತು.

ಅದೇ ಬೆರಳಿನ ಚಲನೆಯನ್ನು ಒಬ್ಬ ಹುಡುಗ ಹೇಗೆ ಬಳಸಿದ್ದಾನೆ ನೋಡಿ. ನೀಲ್ ಅಗರ್‌ವಾಲ್ ಎಂಬ ಪ್ರೋಗ್ರಾಮರ್‌ನ ತಾಣ ನೀಲ್ ಡಾಟ್ ಫನ್. ಅಲ್ಲಿ ‘ದಿ ಡೀಪ್ ಸೀ’ ಎಂಬ ಪುಟವಿದೆ. ಕೆಳಗೆಳೆದಂತೆ ಸಮುದ್ರದೊಳಕ್ಕೆ ಇಳಿಯುತ್ತೀರಿ, ಪ್ರತಿ ಆಳದಲ್ಲಿ ಅಲ್ಲಲ್ಲಿನ ಜೀವಿಗಳು ಎದುರಾಗುತ್ತವೆ, ನೀರು ಕಪ್ಪಾಗುತ್ತ ಹೋಗುತ್ತದೆ. ಎಳೆದೂ ಎಳೆದೂ ಬೆರಳು ಸೋತ ಮೇಲೆ, ಸುಮಾರು 11 ಸಾವಿರ ಮೀಟರ್‌ನಲ್ಲಿ, ನೆಲ ಸಿಗುತ್ತದೆ. ಮುಗಿಯಿತು. ನನ್ನ ಅಕ್ಕನ ಮಗ ಎಂಟು ವರ್ಷದವನು ಇದನ್ನು ಎರಡು ಸಲ ಇಳಿದು, ಫೋನ್ ಕೆಳಗಿಟ್ಟು, ಅಷ್ಟು ಕೆಳಗೆ ಮೀನುಗಳಿಗೆ ಕಣ್ಣು ಯಾಕೆ ಬೇಕು ಮಾಮ ಎಂದು ಕೇಳಿದ. ರೀಲ್ ನೋಡಿ ಅವನು ನನಗೆ ಪ್ರಶ್ನೆ ಕೇಳಿದ್ದು ನೆನಪಿಲ್ಲ.

ರಾತ್ರಿ ಅಡುಗೆ ಮಾಡುವಾಗ ನನಗೆ ರೇಡಿಯೋ ಗಾರ್ಡನ್ ಬೇಕು. ಭೂಗೋಳ ತಿರುಗಿಸಿ ಯಾವ ಊರಿನ ಮೇಲೆ ನಿಲ್ಲಿಸಿದರೂ ಆ ಊರಿನ ರೇಡಿಯೋ ಕೇಳಿಸುತ್ತದೆ. ಚೆಸ್ ಆಡುವವರು ಲಿಚೆಸ್‌ಗೆ ಹೋಗಲಿ. ದೇಣಿಗೆಯಿಂದ ನಡೆಯುವ ತಾಣ, ಜಾಹೀರಾತು ಒಂದೂ ಇಲ್ಲ. ತೇಜಸ್ವಿಯವರ ‘ಹಕ್ಕಿ ಪುಕ್ಕ’ ಓದಿದವರಿಗೆ ಝೆನೊ ಕ್ಯಾಂಟೊ ಹೇಳಲೇಬೇಕು. ಪ್ರಪಂಚದ ಹಕ್ಕಿಗಳ ಕೂಗನ್ನು ಹವ್ಯಾಸಿಗಳು ಧ್ವನಿಮುದ್ರಿಸಿ ಅಲ್ಲಿ ಇಟ್ಟಿದ್ದಾರೆ. ಮಲಬಾರ್ ವಿಸ್ಲಿಂಗ್ ಥ್ರಷ್ ಎಂದು ಹುಡುಕಿ, ಹೆಡ್‌ಫೋನ್ ಹಾಕಿ, ಕೇಳಿ. ಮಲೆನಾಡಿನವರಿಗೆ ಊರು ನೆನಪಾದರೆ ನಾನು ಜವಾಬ್ದಾರನಲ್ಲ.

‘ಈಗ ಎಐ ಇದೆಯಲ್ಲ, ಸೈಟಿಗೆ ಯಾಕೆ ಹೋಗಬೇಕು, ಕೇಳಿದರೆ ಹೇಳುತ್ತದೆ’ ಎನ್ನುವವರು ಇದ್ದಾರೆ. ಅದು ಎಲ್ಲಿಂದ ಕಲಿತು ಹೇಳುತ್ತದೆ? ಇಂಥ ತಾಣಗಳಿಂದಲೇ. ನಾವು ಹೋಗದೆ, ಬರೆಯದೆ, ತಿದ್ದದೆ ಈ ತಾಣಗಳು ಬತ್ತಿದರೆ ಅದಕ್ಕೆ ಕನ್ನಡದಲ್ಲಿ ಹೇಳಲು ಉಳಿಯುವುದು ಆ ವಾಟ್ಸಾಪ್ ವಚನಗಳೇ. ಮಾರಯ್ಯನ ಮಾತನ್ನು ಬಸವಣ್ಣನವರದೆಂದು ಅದು ಬಹಳ ಸೌಜನ್ಯದಿಂದ, ಶುದ್ಧ ವಾಕ್ಯಗಳಲ್ಲಿ ಹೇಳುತ್ತದೆ.

ಬತ್ತುವುದು ಎಂದದ್ದು ಅಲಂಕಾರದ ಮಾತಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ತಾಣ ಕೃತಿಸ್ವಾಮ್ಯದ ತಕರಾರಿನಲ್ಲಿ ಮುಚ್ಚಿತು. ಬೇರೆ ಕಡೆ ಪ್ರತಿ ಇದ್ದದ್ದರಿಂದ ಪುಸ್ತಕಗಳು ಉಳಿದವು. ಆ ಪ್ರತಿ ಇಟ್ಟುಕೊಂಡ ಇಂಟರ್ನೆಟ್ ಆರ್ಕೈವ್ ಕೂಡ 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಮಲಗಿತ್ತು. ಯುನಿಕೋಡ್‌ಗೆ ಮುಂಚಿನ ಕನ್ನಡ ತಾಣಗಳ ಬರಹ ಆಯಾ ಫಾಂಟ್ ಇಲ್ಲದೆ ಇವತ್ತು ಬರೀ ಚಿತ್ತಾಕ್ಷರ. ಎರಡು ಸಾವಿರದ ದಶಕದಲ್ಲಿ ಉತ್ಸಾಹಿಗಳು ನಡೆಸಿದ ಎಷ್ಟೋ ತಾಣಗಳು ಡೊಮೇನ್ ಶುಲ್ಕ ಕಟ್ಟಲು ಯಾರೂ ಇಲ್ಲದೆ ಹೋದವು. ಅಲ್ಲಿ ಒಳ್ಳೆಯ ಕತೆ, ವಿಮರ್ಶೆಗಳಿದ್ದವು. ಅವುಗಳಲ್ಲಿ ಕೆಲವನ್ನಾದರೂ ಆರ್ಕೈವ್‌ನವರ ‘ವೇಬ್ಯಾಕ್ ಮಷೀನ್’ನಲ್ಲಿ ಹಳೆಯ ವಿಳಾಸ ಹಾಕಿ ನೋಡಬಹುದು. ನಿಮಗೆ ಇಷ್ಟವಾದ ಪುಟವನ್ನು ನೀವೇ ಅಲ್ಲಿ ಉಳಿಸಿಡಲೂ ಬರುತ್ತದೆ. ವಿಳಾಸ ಅಂಟಿಸಿ ಒಂದು ಗುಂಡಿ ಒತ್ತಿದರೆ ಆಯಿತು.

ಕೊನೆಯದಾಗಿ ಕನ್ನಡ ವಿಕಿಸೋರ್ಸ್. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಸ್ವಾಮ್ಯ ಇರುತ್ತದೆ. 1992ರಲ್ಲಿ ತೀರಿಕೊಂಡ ನಿರಂಜನರ ಪುಸ್ತಕಗಳು 2052ರವರೆಗೆ ಬೀಗದೊಳಗೇ ಇರಬೇಕಿತ್ತು. ಅವರ ಕುಟುಂಬದವರು 2014ರಲ್ಲೇ ಅವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ‘ರಂಗಮ್ಮನ ವಠಾರ’ವನ್ನು ಈಗ ಯಾರೂ ಬಿಟ್ಟಿಯಾಗಿ, ಕಾನೂನುಬದ್ಧವಾಗಿ ಓದಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳೂ ಆ ವರ್ಷವೇ ಹಾಗೆ ಮುಕ್ತವಾದವು. ಅಲ್ಲಿ ಪುಟದ ಒಂದು ಬದಿಯಲ್ಲಿ ಸ್ಕ್ಯಾನ್, ಇನ್ನೊಂದು ಬದಿಯಲ್ಲಿ ಅಕ್ಷರ. ಹೋಲಿಸಿ ತಿದ್ದಬೇಕು. ಯಾರೂ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಎರಡನೆಯವರು ನೋಡಿ ಒಪ್ಪಿದರೆ ಹಸಿರು. ಒಂದು ಪುಟಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಕಳೆದ ಸೆಮಿಸ್ಟರ್‌ನಲ್ಲಿ ನನ್ನ ತರಗತಿಯ ಆರು ಮಂದಿ ಇದಕ್ಕೆ ಕೂತರು. ನಾಲ್ವರು ಎರಡನೇ ವಾರಕ್ಕೆ ಬಿಟ್ಟರು. ಉಳಿದಿಬ್ಬರು ಈಗಲೂ ಬಸ್ಸಿನಲ್ಲಿ ಬರುವಾಗ ದಿನಕ್ಕೊಂದು ಪುಟ ತಿದ್ದುತ್ತಾರೆ, ಒತ್ತಕ್ಷರ ತಪ್ಪಿದ್ದನ್ನು ಒಬ್ಬಳು ತೋರಿಸಿದರೆ ಇನ್ನೊಬ್ಬಳು ವಾದಿಸುತ್ತಾಳೆ. ಕೆಂಪು ಪುಟಗಳು ಇನ್ನೂ ಬೇಕಾದಷ್ಟು ಇವೆ.