ನಾಯಿಯೋ, ನಾನೋ?

ಕಾರವಾರದ ಹುಡುಗ, ಅಂಕೋಲೆಯ ಹುಡುಗಿ ಪರಸ್ಪರ ಮೆಚ್ಚಿದ್ದಾರೆ ಎನ್ನಿ. ಆದರೆ ಹುಡುಗಿ ತನ್ನ ನಾಯಿಯನ್ನು ಬಿಟ್ಟು ಬರಲಾರಳು. ‘ನಾಯಿಯೋ, ನಾನೋ?’ ಎಂದು ಹುಡುಗ ಕೇಳಬಹುದೇ?

ಕನ್ನಡ ನಾಡಿಗೆ ಈ ಮೋಹ ಹೊಸದಲ್ಲ. ಕ್ರಿ.ಶ. 950ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ತನ್ನೊಡೆಯ ಗಂಗರ ಬೂತುಗನಿಂದ ಬೇಡಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು! ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ವೀರಗಲ್ಲು ನಿಂತಿತು.

ಈ ನಂಟಿಗೆ ವಿಜ್ಞಾನದಲ್ಲೂ ಕಾರಣವಿದೆ. ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ನಾಯಿ, ಒಡೆಯ ಇಬ್ಬರಲ್ಲೂ ಆಕ್ಸಿಟೋಸಿನ್ ಏರುವುದನ್ನು 2015ರಲ್ಲಿ ಜಪಾನಿನ ಸಂಶೋಧಕರು ಕಂಡರು. ತಾಯಿ-ಮಗುವನ್ನು ಬೆಸೆಯುವ ಹಾರ್ಮೋನೂ ಇದೇ. ತಾಯಿ ಮಗುವನ್ನು ಮುದ್ದಿಸಿದರೆ ಗಂಡನ ಪಾಲು ಕಡಿಮೆಯಾದೀತೇ?

ಕೇಳಬೇಕಾದ ಪ್ರಶ್ನೆಗಳೇ ಬೇರೆ. ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿದೆಯೇ? ಹುಡುಗನ ಮನೆಯಲ್ಲಿ ಆಸ್ತಮಾ ಇದೆಯೇ? ನಾಯಿಯ ಜೊಲ್ಲು, ಚರ್ಮದ ಹೊಟ್ಟುಗಳಲ್ಲಿರುವ ಪ್ರೋಟೀನು ಅಲರ್ಜಿ ತರಬಲ್ಲದು. ಕೂದಲು ಕತ್ತರಿಸಿದರೆ ಅದು ಹೋಗದು. ಹತ್ತಾರು ವರ್ಷ ಬಾಳುವ ಜೀವವನ್ನು ನೋಡಿಕೊಳ್ಳುವವರು ಯಾರು?

ಮದುವೆಗೆ ಮೊದಲೇ ಎರಡೂ ಮನೆಯವರು ಕುಳಿತು ಇದನ್ನು ಮಾತಾಡಲಿ. ಮೂಕಪ್ರಾಣಿಯನ್ನು ಕೈಬಿಡಲಾರೆ ಎನ್ನುವವಳು, ನಾಳೆ ಕಟ್ಟಿಕೊಂಡವನನ್ನೂ ಸುಲಭಕ್ಕೆ ಕೈಬಿಡಲಾರಳು.